ಕಳೆ ಹೊಡೆಯುವ ಮಷಿನ್ನೂ, ಮೆಕ್ಯಾನಿಕಲ್ ಓದುವ ನಾನೂ

'ನೀನು ಇಂಜಿನ್ನಿನ ಬಗ್ಗೇನೇ ಅಲ್ವನಾ ಓದ್ತಿರೋದು?'

ಅಪ್ಪಯ್ಯ ಕೇಳಿದ್ದು ಇಷ್ಟೇ. ಕಳೆದ ಆಗಸ್ಟ್ ತಿಂಗಳು. ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿಕೊಂಡು ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋಗಿ ಎರಡು ದಿನವಾಗಿತ್ತು. ಅಂಗಳದಲ್ಲಿ ಕಳೆ ಹೊಡೆಯುವ ಮಷಿನ್ ಮಲಗಿತ್ತು. ಪಕ್ಕದಲ್ಲಿ ಅದರ ಯಜಮಾನ, ಅಂದರೆ ಪ್ರತಿ ಮಳೆಗಾಲ ನಮ್ಮ ತೋಟಕ್ಕೆ ಕಳೆ ಹೊಡೆಯಲು ಬರುವ ಅಣ್ಣ, ತಲೆ ಮೇಲೆ ಕೈ ಹೊತ್ತು ಕೂತಿದ್ದರು.

ಬೆಂಗಳೂರಿನವರಿಗೆ ಲಾನ್ ಮೋವರ್ ಗೊತ್ತು. ನಮ್ಮ ಕಡೆ ಲಾನ್ ಎಲ್ಲಿಂದ ಬರಬೇಕು? ಇರುವುದು ಅಡಿಕೆ ತೋಟದ ಕಳೆ, ಗದ್ದೆ ಬದುವಿನ ಹುಲ್ಲು, ಬೇಲಿ ಸಾಲಿನ ಪೊದೆ. ಇವಕ್ಕೆಲ್ಲ ಹೆಗಲಿಗೆ ಬೆಲ್ಟ್ ಹಾಕಿಕೊಂಡು ಹಿಡಿಯುವ, ಉದ್ದ ಕೊಳವೆಯ ಒಂದು ತುದಿಯಲ್ಲಿ ಇಂಜಿನ್ನೂ ಇನ್ನೊಂದು ತುದಿಯಲ್ಲಿ ಬ್ಲೇಡೂ ಇರುವ ಯಂತ್ರವೇ ಬೇಕು. ಅಂಗಡಿಯವರು ಅದನ್ನು ಬ್ರಷ್ ಕಟರ್ ಅನ್ನುತ್ತಾರೆ. ಊರಲ್ಲಿ ಅದು 'ಕಳೆ ಮಷಿನ್'.

ಅಣ್ಣ ಅದನ್ನು ಸಂಘದಲ್ಲಿ ಸಾಲ ಮಾಡಿ ತಗೊಂಡಿದ್ದರು. ವಾರ ವಾರ ಕಂತು. ಮಷಿನ್ ಸಮೇತ ಕೆಲಸಕ್ಕೆ ಹೋದರೆ ಒಂದು ಲೆಕ್ಕ, ಬರಿಗೈಲಿ ಹೋದರೆ ಬೇರೆಯೇ ಲೆಕ್ಕ. ಜೂನ್‌ನಿಂದ ಅಕ್ಟೋಬರ್‌ವರೆಗೆ ದುಡಿದದ್ದೇ ದುಡಿಮೆ. ನಮ್ಮ ತೋಟಕ್ಕೂ ಆ ವಾರ ಕಳೆ ಹೊಡೆದಾಗಲೇಬೇಕಿತ್ತು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಎರಡನೇ ಸಲ ಹೊಡೆಸದಿದ್ದರೆ ಕೊಳೆ ರೋಗ ಬರುತ್ತದೆ. ಮೊಣಕಾಲುದ್ದ ಕಳೆ ನಿಂತ ತೋಟದೊಳಗೆ, ಹಾವೋ ಮತ್ತೊಂದೋ ಇರುವ ಕಡೆ, ಔಷಧಿ ಹೊಡೆಯುವವರು ಕಾಲಿಡುವುದಿಲ್ಲ.

ಮಷಿನ್ನಿನ ರೋಗ ಹೀಗಿತ್ತು: ಸ್ಟಾರ್ಟ್ ಆಗುತ್ತದೆ. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಉಸಿರು ಕಟ್ಟಿದ ಹಾಗೆ ಮಾಡಿ ನಿಂತುಹೋಗುತ್ತದೆ. ಎಷ್ಟು ಹಗ್ಗ ಎಳೆದರೂ ಏಳುವುದಿಲ್ಲ. ಅರ್ಧ ಗಂಟೆ ಬಿಟ್ಟು ಎಳೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್!

ಥರ್ಮೋಡೈನಾಮಿಕ್ಸ್ ಪೇಪರ್ ಆಗಷ್ಟೇ ಬರೆದು ಬಂದಿದ್ದೆ. ಒಟ್ಟೊ ಸೈಕಲ್ಲಿನ ಪಿ-ವಿ ಡಯಾಗ್ರಮ್ಮನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆಯುತ್ತಿದ್ದೆ. ಟೂ ಸ್ಟ್ರೋಕ್ ಇಂಜಿನ್ನಿನ ಚಿತ್ರಕ್ಕೆ ಹತ್ತರಲ್ಲಿ ಒಂಬತ್ತು ಅಂಕ ಬಂದಿತ್ತು. ಆದರೆ ನಿಜವಾದ ಟೂ ಸ್ಟ್ರೋಕ್ ಇಂಜಿನ್ನನ್ನು ಅದುವರೆಗೆ ಕೈಯಲ್ಲಿ ಮುಟ್ಟಿರಲಿಲ್ಲ ಅನ್ನುವುದನ್ನು ಅಪ್ಪಯ್ಯನಿಗೆ ಹೇಳುವುದು ಹೇಗೆ? 'ಕಾರ್ಬುರೇಟರ್ ಪ್ರಾಬ್ಲಂ' ಎಂದುಬಿಟ್ಟೆ. ಏನೂ ಗೊತ್ತಿಲ್ಲದವರು ಮೊದಲು ಹೇಳುವ ಹೆಸರು ಅದೇ ಎಂದು ನನಗೆ ಆಮೇಲೆ ತಿಳಿಯಿತು.

ಸ್ಕ್ರೂಡ್ರೈವರ್ ತಂದೆ. ಕಾರ್ಬುರೇಟರಿನ ಮೇಲೆ ಎರಡು ಮೂರು ಸಣ್ಣ ಸ್ಕ್ರೂಗಳಿದ್ದವು. ಒಂದನ್ನು ಅರ್ಧ ಸುತ್ತು ತಿರುಗಿಸಿದೆ, ಇನ್ನೊಂದನ್ನು ಒಂದೂವರೆ ಸುತ್ತು. ಸರಿಹೋಗಲಿಲ್ಲ ಅಂತ ವಾಪಸ್ ತಿರುಗಿಸಿದೆ. ಎಷ್ಟು ತಿರುಗಿಸಿದ್ದೆ ಅನ್ನುವುದು ಮರೆತುಹೋಗಿತ್ತು. ಅರ್ಧ ತಾಸಿನ ನಂತರ ಹತ್ತು ನಿಮಿಷವಾದರೂ ಓಡುತ್ತಿದ್ದ ಮಷಿನ್ ಸ್ಟಾರ್ಟೇ ಆಗದ ಹಾಗಾಯಿತು. ಹಗ್ಗ ಎಳೆದೂ ಎಳೆದೂ ಅಂಗೈಯಲ್ಲಿ ಬೊಕ್ಕೆ ಎದ್ದವು.

ಅಣ್ಣ ಬೈಯಲಿಲ್ಲ. 'ಇರ್ಲಿ ಬಿಡು ತಮ್ಮಾ' ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರ ಎರಡು ದಿನದ ದುಡಿಮೆ ನನ್ನ ಸ್ಕ್ರೂಡ್ರೈವರಿನಲ್ಲಿ ಹೋಗಿತ್ತು.

ಕೂತ್ಕೋ, ಕೈ ಇಡ್ಬೇಡ

ಮರುದಿನ ಮಷಿನ್ನನ್ನು ಬೈಕಿಗೆ ಕಟ್ಟಿಕೊಂಡು ಪೇಟೆಗೆ ಹೋದೆವು. ರಿಪೇರಿ ಅಂಗಡಿಯ ಮುಂದೆ ಕಳೆ ಮಷಿನ್ನುಗಳ ಸಾಲೇ ಇತ್ತು; ಒಂದೊಂದಕ್ಕೂ ಹೆಸರು ಬರೆದ ಚೀಟಿ. ಮೆಕ್ಯಾನಿಕ್ ತಲೆ ಎತ್ತದೆ, 'ಮುಂದಿನ ಶುಕ್ರವಾರ ಬನ್ನಿ' ಅಂದರು. ಅವತ್ತು ಶನಿವಾರ.

ಯಾವ ಧೈರ್ಯ ಬಂತೋ, 'ನಾನು ಇಂಜಿನಿಯರಿಂಗ್ ಓದ್ತಿದೀನಿ, ಇಲ್ಲೇ ಕೂತು ನೋಡ್ಲಾ?' ಎಂದು ಕೇಳಿದೆ. ಅವರಿಗೆ ನಗು ಬಂತು. 'ಕೂತ್ಕೋ. ಕೈ ಇಡ್ಬೇಡ.'

ಮೂರು ದಿನ ಕೂತೆ. ಅವರು ಓದಿದ್ದು ಏಳನೇ ಕ್ಲಾಸು. ಬಂದ ಯಾವ ಮಷಿನ್ನಿನಲ್ಲೂ ಅವರು ಮೊದಲು ಕಾರ್ಬುರೇಟರಿಗೆ ಕೈ ಹಾಕಲಿಲ್ಲ. 'ಡಾಕ್ಟ್ರ ಹತ್ರ ಹೋದ್ರೆ ಏನ್ ಕೇಳ್ತಾರೆ? ಊಟ ಸೇರ್ತಿದೆಯಾ, ಉಸಿರಾಟ ಸರಿ ಇದೆಯಾ, ಹೊರಗೆ ಹೋಗ್ತಿದೆಯಾ. ಹೊಟ್ಟೆ ಕೊಯ್ಯೋದು ಕೊನೇಗೆ ಅಲ್ವನಾ? ಇದಕ್ಕೂ ಅಷ್ಟೇ' ಅಂದರು. ನನ್ನ ಪಠ್ಯಪುಸ್ತಕದಲ್ಲಿ ಇದೇ ಮಾತು ಗಾಳಿ, ಇಂಧನ, ಕಿಡಿ, ಒತ್ತಡ ಎಂದು ನಾಲ್ಕು ಅಧ್ಯಾಯಗಳಲ್ಲಿ ಹರಡಿಕೊಂಡಿತ್ತು. ಯಾವುದನ್ನು ಮೊದಲು ನೋಡಬೇಕು ಅನ್ನುವ ಕ್ರಮ ಮಾತ್ರ ಎಲ್ಲೂ ಇರಲಿಲ್ಲ.

ಅವರ ಕ್ರಮ ಶುರುವಾಗುವುದು ಸ್ವಿಚ್ಚಿನಿಂದ. ನಗಬೇಡಿ. ಇಂಜಿನ್ ಆಫ್ ಮಾಡುವ ಸ್ವಿಚ್ ಆಫಿನಲ್ಲೇ ಇದ್ದು, ಮನೆಮಂದಿಯೆಲ್ಲ ಸರದಿಯಲ್ಲಿ ಹಗ್ಗ ಎಳೆದು ಸುಸ್ತಾಗಿ ತಂದ ಮಷಿನ್ನೊಂದು ನಾನಿದ್ದಾಗಲೇ ಬಂತು. ಅವರು ಸ್ವಿಚ್ ಒತ್ತಿ, ಒಂದೇ ಸಲ ಎಳೆದು, ದುಡ್ಡು ತಗೊಳ್ಳದೆ ಕಳಿಸಿದರು.

ಆಮೇಲೆ ಪ್ಲಗ್ ಬಿಚ್ಚುವುದು. ಇಂಜಿನ್ನಿನ ಅರ್ಧ ಜಾತಕ ಪ್ಲಗ್ಗಿನ ತುದಿಯಲ್ಲೇ ಇರುತ್ತದೆ. ಅಷ್ಟು ಹೊತ್ತು ಹಗ್ಗ ಎಳೆದ ಮೇಲೂ ತುದಿ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ ಎಂದರ್ಥ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಆದರೆ ಕಿಡಿ ಇಲ್ಲ ಅಥವಾ ಪೆಟ್ರೋಲ್ ಹೆಚ್ಚಾಗಿ ಮುಳುಗಿದೆ. ಕಪ್ಪಗೆ ಮಸಿ ಹಿಡಿದಿದ್ದರೆ ಗಾಳಿ ಕಡಿಮೆ ಅಥವಾ ಆಯಿಲ್ ಜಾಸ್ತಿ. ಹಳೇ ಟೂತ್ ಬ್ರಷ್ಷಿನಲ್ಲಿ ಉಜ್ಜಿ, ತುದಿಯ ಸಂದನ್ನು ನೋಡಬೇಕು. ಹೆಚ್ಚಿನ ಮಷಿನ್ನುಗಳಲ್ಲಿ ಅದು 0.5ರಿಂದ 0.7 ಮಿಲಿಮೀಟರ್ ಇರುತ್ತದೆ. ಸರಿಯಾದ ಅಳತೆ ಮಷಿನ್ ಜತೆ ಕೊಟ್ಟ ಪುಸ್ತಕದಲ್ಲಿದೆ.

ಕಿಡಿ ಇದೆಯೇ ಎಂದು ನೋಡಲು ಬಿಚ್ಚಿದ ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗ ಇಂಜಿನ್ನಿನ ಲೋಹಕ್ಕೆ ತಾಗುವಂತೆ ಹಿಡಿದು ಹಗ್ಗ ಎಳೆಯಬೇಕು. ಹಿಡಿಯುವುದು ರಬ್ಬರ್ ಕ್ಯಾಪನ್ನು, ಪ್ಲಗ್ಗನ್ನಲ್ಲ. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಹನಿ ಚಿಮ್ಮುತ್ತದೆ. ಕಿಡಿ ಅದರ ಹತ್ತಿರ ಇರಬಾರದು. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಬೇಕು. ಬೀಡಿ ಸೇದುವವರು ದೂರ.

ಪ್ಲಗ್ ಒದ್ದೆಯಿದ್ದು ಕಿಡಿಯೂ ಇದ್ದರೆ ಅದು ಮುಳುಗಿದ ಇಂಜಿನ್. ನಮ್ಮಂಥ ಆತುರಗಾರರು ಚೋಕ್ ಎಳೆದಿಟ್ಟು ಇಪ್ಪತ್ತು ಸಲ ಹಗ್ಗ ಜಗ್ಗಿದಾಗ ಆಗುವುದು ಇದೇ. ಚೋಕ್ ತೆಗೆದು, ಎಕ್ಸಲರೇಟರ್ ಪೂರ್ತಿ ಒತ್ತಿ, ಪ್ಲಗ್ ಇಲ್ಲದೆ ಎಂಟು ಹತ್ತು ಸಲ ಎಳೆದರೆ ಒಳಗಿನ ಪೆಟ್ರೋಲ್ ಹೊರಬರುತ್ತದೆ. ಪ್ಲಗ್ ಒರೆಸಿ ಹಾಕಿ. ಈ ಕಾರಣಕ್ಕೇ ಪೇಟೆಗೆ ಬಂದ ಮಷಿನ್ನುಗಳನ್ನು ನಾನು ಲೆಕ್ಕ ಇಟ್ಟಿದ್ದೆ: ಮೂರು ದಿನದಲ್ಲಿ ನಾಲ್ಕು.

ಊಟ ಮತ್ತು ಉಸಿರು

ಪ್ಲಗ್ ಒಣಗಿದ್ದರೆ ಪೆಟ್ರೋಲಿನ ದಾರಿಯಲ್ಲಿ ನಡೆಯಬೇಕು. ಟ್ಯಾಂಕಿನ ಒಳಗೆ ಒಂದು ಸಣ್ಣ ಪೈಪಿದೆ, ಅದರ ತುದಿಯಲ್ಲಿ ಹುಣಸೆ ಬೀಜಕ್ಕಿಂತ ತುಸು ದೊಡ್ಡ ಫಿಲ್ಟರ್ ಇದೆ. ತುದಿ ಬಗ್ಗಿಸಿದ ತಂತಿಯಿಂದ ಟ್ಯಾಂಕಿನ ಬಾಯೊಳಗಿಂದ ಎಳೆದರೆ ಹೊರಗೆ ಬರುತ್ತದೆ. ಕೆಸರು ಹಿಡಿದಿದ್ದರೆ ತೊಳೆಯುವುದಕ್ಕಿಂತ ಹೊಸದು ಹಾಕುವುದೇ ಒಳ್ಳೆಯದು. ಅದರ ಬೆಲೆ ಒಂದು ಮಸಾಲೆ ದೋಸೆಗಿಂತ ಹೆಚ್ಚಿಲ್ಲ. ಪೈಪನ್ನು ಬಗ್ಗಿಸಿ ನೋಡಿ. ಬಿರುಕು ಬಿಟ್ಟಿದ್ದರೆ ಪೆಟ್ರೋಲ್ ಬದಲು ಗಾಳಿ ಎಳೆಯುತ್ತದೆ. ಕಾರ್ಬುರೇಟರಿನ ಕೆಳಗೆ ಒತ್ತುವ ಪಾರದರ್ಶಕ ರಬ್ಬರ್ ಗುಳ್ಳೆ ಇದ್ದರೆ ಅದನ್ನು ಏಳೆಂಟು ಸಲ ಒತ್ತಿ. ಪೆಟ್ರೋಲ್ ತುಂಬಿಕೊಳ್ಳದಿದ್ದರೆ ದೋಷ ಅಲ್ಲಿಂದ ಹಿಂದೆ, ಟ್ಯಾಂಕಿನ ಕಡೆ ಇದೆ.

ಪೆಟ್ರೋಲಿನದೇ ಇನ್ನೊಂದು ಕಥೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ದಿನಾ ಓಡುವ ಬೈಕಿಗೆ ಅದು ಅಷ್ಟು ತಾಗುವುದಿಲ್ಲ. ಆದರೆ ಹಿಂದಿನ ವರ್ಷದ ಪೆಟ್ರೋಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ನಿಂತ ಮಷಿನ್ನಿಗೆ, ಅದೂ ಮಲೆನಾಡಿನ ತೇವದಲ್ಲಿ, ತಾಗುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆಯುವ ಫಿಲ್ಟರ್ ಕೂತಿರುವುದೂ ತಳದಲ್ಲೇ. ಮೆಕ್ಯಾನಿಕ್ ಒಂದು ಮಷಿನ್ನಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ತೋರಿಸಿದರು: ಕೆಳಗೊಂದು ಬಣ್ಣ, ಮೇಲೊಂದು ಬಣ್ಣ. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಟ್ಟಿದ್ದರೆ ಅವರ ಅಂಗಡಿಗೆ ಜೂನ್ ತಿಂಗಳಲ್ಲಿ ಬರುವ ಅರ್ಧ ಮಷಿನ್ನುಗಳು ಬರುತ್ತಿರಲಿಲ್ಲವಂತೆ. 'ಹಾಗೆ ಹೇಳಿಕೊಟ್ರೆ ನನಗೆ ಕೆಲಸ ಎಲ್ಲಿ?' ಎಂದು ಅವರೇ ನಕ್ಕರು. ಈಗ ನಾನು ಪೇಪರಿನಲ್ಲಿ ಬರೆದುಬಿಟ್ಟೆ.

ಆಯಿಲ್ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಟೂ ಸ್ಟ್ರೋಕ್ ಮಷಿನ್ನಿಗೆ ಪೆಟ್ರೋಲಿನಲ್ಲೇ 2ಟಿ ಆಯಿಲ್ ಬೆರೆಸಬೇಕು. ಕೆಲವು ಮಷಿನ್ನಿಗೆ 25ಕ್ಕೆ 1, ಅಂದರೆ ಲೀಟರಿಗೆ 40 ಮಿಲಿ; ಕೆಲವಕ್ಕೆ 50ಕ್ಕೆ 1, ಲೀಟರಿಗೆ 20 ಮಿಲಿ. ಟ್ಯಾಂಕಿಗೇ ಅಂದಾಜಿನಲ್ಲಿ ಸುರಿಯದೆ ಬೇರೆ ಕ್ಯಾನಿನಲ್ಲಿ ಅಳೆದು ಅಲುಗಾಡಿಸಿ ಹಾಕಬೇಕು. ಜಾಸ್ತಿಯಾದರೆ ಮಸಿ. ಮರೆತರೆ ಪಿಸ್ಟನ್ನೇ ಹೋಗುತ್ತದೆ, ಅದು ಮನೆಯಲ್ಲಿ ಮಾಡುವ ರಿಪೇರಿಯಲ್ಲ. ಫೋರ್ ಸ್ಟ್ರೋಕ್ ಮಷಿನ್ನುಗಳೂ ಈಗ ಬಂದಿವೆ. ಅವಕ್ಕೆ ಬೆರೆಸುವಂತಿಲ್ಲ, ಇಂಜಿನ್ ಆಯಿಲ್ ಬೇರೆಯೇ ಜಾಗದಲ್ಲಿ. ಪಕ್ಕದ ಮನೆಯವರ ಮಷಿನ್ ಎರವಲು ತಂದವರು ಇದನ್ನು ಕೇಳಿಕೊಂಡೇ ಪೆಟ್ರೋಲ್ ಹಾಕಿ.

ಉಸಿರಾಟ ಅಂದರೆ ಏರ್ ಫಿಲ್ಟರ್. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ಹಿಂಡಿ, ನೆರಳಲ್ಲಿ ಒಣಗಿಸಿ ಹಾಕಬಹುದು. ಕೆಲಸದ ದಿನಗಳಲ್ಲಿ ಇದನ್ನು ಸಂಜೆ ಸಂಜೆಯೇ ನೋಡಬೇಕು. 'ಹೊರಗೆ ಹೋಗುವುದು' ಸೈಲೆನ್ಸರಿನ ಮಾತು. ಕೆಲವು ಸೈಲೆನ್ಸರಿನ ಬಾಯಲ್ಲಿ ಕಿಡಿ ಹೊರಗೆ ಹಾರದಿರಲೆಂದು ಸಣ್ಣ ಜಾಲರಿ ಇರುತ್ತದೆ. ಮಸಿ ಕಟ್ಟಿ ಅದು ಮುಚ್ಚಿಕೊಂಡರೆ ಮಷಿನ್ ಸ್ಟಾರ್ಟ್ ಆಗುತ್ತದೆ, ಆದರೆ ಎಕ್ಸಲರೇಟರ್ ಒತ್ತಿದರೆ ಏರುವುದೇ ಇಲ್ಲ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ ತಂತಿ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಇಷ್ಟಕ್ಕೇ ಹೊಸ ಕಾರ್ಬುರೇಟರ್ ಹಾಕಿಸಿಕೊಂಡವರಿದ್ದಾರೆ.

ಇವೆಲ್ಲ ಸರಿಯಿದ್ದೂ ಏಳದಿದ್ದರೆ ಒತ್ತಡ ನೋಡುವುದು. ಹಗ್ಗದ ಹಿಡಿ ಹಿಡಿದು ಮಷಿನ್ನನ್ನು ಮೆಲ್ಲಗೆ ಮೇಲಕ್ಕೆತ್ತಿದರೆ, ಪಿಸ್ಟನ್ ಚೆನ್ನಾಗಿದ್ದರೆ, ಅದು ತಡೆದು ತಡೆದು ಕೆಳಗಿಳಿಯುತ್ತದೆ. ಬಾವಿಯ ಕೊಡದ ಹಾಗೆ ಸರ್ರನೆ ಇಳಿದರೆ ಪಿಸ್ಟನ್ನೋ ರಿಂಗೋ ಸವೆದಿದೆ. ಪೇಟೆಯ ದಾರಿ ಹಿಡಿಯುವುದೇ ಸರಿ.

ಕಾರ್ಬುರೇಟರಿನ ಸರದಿ ಇಷ್ಟೆಲ್ಲ ಆದ ಮೇಲೆ. ಈ ಮಷಿನ್ನಿನ ಕಾರ್ಬುರೇಟರಿನೊಳಗೆ ಬೈಕಿನಲ್ಲಿರುವಂಥ ತೇಲುವ ಫ್ಲೋಟ್ ಇರುವುದಿಲ್ಲ. ಮಷಿನ್ನನ್ನು ಹೇಗೆ ಬೇಕಾದರೂ ಓರೆ ಮಾಡುತ್ತೇವಲ್ಲ, ಫ್ಲೋಟ್ ಇದ್ದರೆ ನಡೆಯುವುದಿಲ್ಲ. ಅದರ ಬದಲು ತೆಳುವಾದ ಪೊರೆ, ಡಯಾಫ್ರಮ್ ಇದೆ. ಹಳೇ ಪೆಟ್ರೋಲಿನಲ್ಲಿ ಅದು ಹಪ್ಪಳದ ಹಾಗೆ ಗಡಸಾದರೆ ಬದಲಾಯಿಸಬೇಕು. ನಾನು ತಿರುಗಿಸಿದ್ದ ಸ್ಕ್ರೂಗಳು ಪೆಟ್ರೋಲೂ ಗಾಳಿಯೂ ಎಷ್ಟು ಬೆರೆಯಬೇಕೆಂದು ಹೇಳುವಂಥವು. ಮುಟ್ಟುವ ಮೊದಲು, ಪೂರ್ತಿ ಮುಚ್ಚುವವರೆಗೆ ಹಗುರಾಗಿ ಎಷ್ಟು ಸುತ್ತು ತಿರುಗುತ್ತದೆಂದು ಎಣಿಸಿ ಬರೆದಿಟ್ಟುಕೊಂಡಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಮೆಕ್ಯಾನಿಕ್ ಅವನ್ನು ಕಿವಿಯಿಂದಲೇ, ಇಂಜಿನ್ನಿನ ಸದ್ದು ಕೇಳುತ್ತಾ, ಎರಡು ನಿಮಿಷದಲ್ಲಿ ಸರಿಮಾಡಿದರು. 'ನೀನು ಮಾಡಿದ್ದು ಸರಿ ಆಯ್ತು. ಅದರದೇ ರೋಗ ಏನು ಅಂತ ನೀನೇ ಹುಡುಕು' ಎಂದು ಮಷಿನ್ನನ್ನು ನನ್ನ ಮುಂದೆ ಇಟ್ಟರು.

ಎಣ್ಣೆ ಡಬ್ಬದ ಎರಡನೇ ತೂತು

ಕ್ರಮವಾಗಿ ಹೊರಟೆ. ಸ್ವಿಚ್ ಸರಿ. ಪ್ಲಗ್ಗಿನ ಕಿಡಿ ಸರಿ. ಟ್ಯಾಂಕಿನ ಫಿಲ್ಟರ್ ಹೊಸದು. ಏರ್ ಫಿಲ್ಟರ್ ಸ್ವಚ್ಛ. ಸ್ಟಾರ್ಟ್ ಮಾಡಿ, ಬ್ಲೇಡ್ ಬಿಚ್ಚಿಟ್ಟು ಓಡಿಸಿದೆ. ಹತ್ತು ನಿಮಿಷಕ್ಕೆ ಸರಿಯಾಗಿ ನಿಂತಿತು. ತಕ್ಷಣ ಪ್ಲಗ್ ಬಿಚ್ಚಿದೆ: ಒಣಗಿತ್ತು. ಅಂದರೆ ಮೊದಲು ಬರುತ್ತಿದ್ದ ಪೆಟ್ರೋಲ್ ಈಗ ಬರುತ್ತಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ನೋಡೋಣ ಅಂತ ಮುಚ್ಚಳ ತಿರುಗಿಸಿದೆ.

'ಸುಸ್ಸ್' ಅಂತ ಸದ್ದಾಯಿತು.

ಒಳಗೆ ಗಾಳಿ ನುಗ್ಗಿದ ಸದ್ದು. ನಮ್ಮ ಅಜ್ಜಿ ಎಣ್ಣೆ ಡಬ್ಬ ತಂದರೆ ಯಾವತ್ತೂ ಎರಡು ತೂತು ಹೊಡೆಯುತ್ತಾರೆ. ಒಂದರಲ್ಲಿ ಎಣ್ಣೆ ಹೊರಗೆ, ಇನ್ನೊಂದರಲ್ಲಿ ಗಾಳಿ ಒಳಗೆ. ಒಂದೇ ತೂತು ಹೊಡೆದರೆ ಎಣ್ಣೆ ಗೊಳಗೊಳ ಅಂದು ನಿಂತುಹೋಗುತ್ತದೆ. ಪೆಟ್ರೋಲ್ ಟ್ಯಾಂಕಿಗೂ ಅದೇ ಎರಡನೇ ತೂತು ಮುಚ್ಚಳದಲ್ಲಿದೆ, ಸೂಜಿ ಮೊನೆಯಷ್ಟು. ಅದು ಧೂಳು, ಆಯಿಲ್, ಕಳೆಯ ಚೂರು ಸೇರಿ ಮುಚ್ಚಿಹೋಗಿತ್ತು. ಪೆಟ್ರೋಲ್ ಖರ್ಚಾದಂತೆಲ್ಲ ಒಳಗೆ ಒತ್ತಡ ಇಳಿದು, ಹತ್ತು ನಿಮಿಷಕ್ಕೆ ಕಾರ್ಬುರೇಟರಿಗೆ ಎಳೆಯಲು ಸಾಧ್ಯವಾಗದಷ್ಟು ಆಗುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಎಲ್ಲಿಂದಲೋ ಸ್ವಲ್ಪ ಸ್ವಲ್ಪವೇ ಗಾಳಿ ಜಿನುಗಿ ಒತ್ತಡ ಸಮವಾಗುತ್ತಿತ್ತು, ಮಷಿನ್ ಮತ್ತೆ ಏಳುತ್ತಿತ್ತು. ವಾತಾವರಣದ ಒತ್ತಡದ ಬಗ್ಗೆ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಎಷ್ಟೊಂದು ಲೆಕ್ಕ ಮಾಡಿದ್ದೆ! ಒಂದರಲ್ಲೂ ಟ್ಯಾಂಕಿನ ಮುಚ್ಚಳ ಬಂದಿರಲಿಲ್ಲ, ಅಜ್ಜಿಯ ಎಣ್ಣೆ ಡಬ್ಬವೂ ಬಂದಿರಲಿಲ್ಲ.

ಮುಚ್ಚಳವನ್ನು ಪೆಟ್ರೋಲಿನಲ್ಲಿ ತೊಳೆದೆ. ಸಣ್ಣ ತಂತಿಯಿಂದ ತೂತನ್ನು ಬಿಡಿಸಿದೆ, ದೊಡ್ಡದಾಗದ ಹಾಗೆ. ಮಷಿನ್ ಮುಕ್ಕಾಲು ಗಂಟೆ, ಟ್ಯಾಂಕ್ ಖಾಲಿಯಾಗುವವರೆಗೆ ಓಡಿತು. ಖರ್ಚು ಸೊನ್ನೆ. ಮೆಕ್ಯಾನಿಕ್ ಏನೂ ಹೇಳಲಿಲ್ಲ, ಒಂದು ಟೀ ತರಿಸಿಕೊಟ್ಟರು. ಒಂಬತ್ತು ಅಂಕಕ್ಕಿಂತ ಅದು ದೊಡ್ಡದು ಅನ್ನಿಸಿತು.

ಅಣ್ಣನ ಲೆಕ್ಕ ಬೇರೆ. ಅವರಿಗೆ ಒಟ್ಟು ಐದು ದಿನ ಹೋಗಿತ್ತು, ಆ ವಾರದ ಕಂತನ್ನು ಬೇರೆಯವರ ಹತ್ತಿರ ಕೈಗಡ ತಂದು ಕಟ್ಟಿದ್ದರು. ಕೂಲಿ ಕೊಡುವಾಗ ಅಪ್ಪಯ್ಯ ಎರಡು ದಿನದ್ದು ಸೇರಿಸಿ ಕೊಟ್ಟರು. ನನ್ನ ಕಡೆ ನೋಡಲಿಲ್ಲ.

ಉಲ್ಟಾ ತಿರುಗುವ ನಟ್ಟು

ಆಮೇಲೆ ಧೈರ್ಯ ಬಂತು. ರಜೆ ಮುಗಿಯುವುದರೊಳಗೆ ಅಕ್ಕಪಕ್ಕದ ಮೂರು ಮಷಿನ್ ಬಿಚ್ಚಿದೆ. ಮೊದಲನೆಯದರ ಬ್ಲೇಡಿನ ನಟ್ಟು ಎಷ್ಟು ಬಲ ಹಾಕಿದರೂ ಸಡಿಲವಾಗಲಿಲ್ಲ. ಪಾನಾಕ್ಕೆ ಪೈಪ್ ಸಿಕ್ಕಿಸಿ ಜಗ್ಗಿದೆ. ನಾನು ಅಷ್ಟೂ ಹೊತ್ತು ಅದನ್ನು ಬಿಗಿ ಮಾಡುತ್ತಿದ್ದೆ! ಸಾಮಾನ್ಯವಾಗಿ ಕಳೆ ಮಷಿನ್ನಿನ ಬ್ಲೇಡಿಗೆ ಎಡ ಮರೆಯ ನಟ್ಟು. ಬ್ಲೇಡ್ ಕಲ್ಲಿಗೋ ಬೇರಿಗೋ ತಾಗಿದಾಗ ನಟ್ಟು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯಾಗಲಿ ಅಂತ ಹಾಗೆ ಮಾಡಿದ್ದಾರೆ. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಗೇರಿನ ಡಬ್ಬಿಯ ಪಕ್ಕದ ತೂತಿಗೆ ಸಣ್ಣ ಸರಳು ತೂರಿಸಿದರೆ ಬ್ಲೇಡ್ ತಿರುಗದೆ ನಿಲ್ಲುತ್ತದೆ. ಅದೇ ಡಬ್ಬಿಗೆ ಒಂದು ಬೋಲ್ಟ್ ಇದೆ, ಬಿಚ್ಚಿ ಆಗಾಗ ಗ್ರೀಸ್ ತುಂಬಬೇಕು. ಇದನ್ನು ಮಾಡುವವರು ನಮ್ಮೂರಲ್ಲಿ ಯಾರೂ ಇರಲಿಲ್ಲ.

ಎಕ್ಸಲರೇಟರ್ ಬಿಟ್ಟಾಗಲೂ ಬ್ಲೇಡ್ ತಿರುಗುತ್ತಿದ್ದರೆ ಆ ಮಷಿನ್ ಮುಟ್ಟಬೇಡಿ. ನಿಧಾನ ಓಟದಲ್ಲಿ ಕ್ಲಚ್ ಹಿಡಿಯಬಾರದು. ಹಿಡಿಯುತ್ತಿದ್ದರೆ ಐಡಲ್ ಸ್ಕ್ರೂ ಜಾಸ್ತಿಯಾಗಿದೆ ಅಥವಾ ಕ್ಲಚ್ಚಿನ ಸ್ಪ್ರಿಂಗ್ ಹೋಗಿದೆ. ಮತ್ತೆ, ಬ್ಲೇಡಿಗೆ ಕೈ ಹಾಕುವ ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಹಗ್ಗ ತುಂಡಾದರೆ ಹೊಸದು ಹಾಕಬಹುದು, ಆದರೆ ಒಳಗಿನ ಸುರುಳಿ ಸ್ಪ್ರಿಂಗ್ ಹಾರಿ ಮುಖಕ್ಕೆ ಬಡಿಯುತ್ತದೆ. ಮೊದಲ ಸಲ ಗೊತ್ತಿದ್ದವರು ಪಕ್ಕದಲ್ಲಿರಲಿ.

ಕಲ್ಲಿರುವ ಕಡೆ, ಅಡಿಕೆ ಸಸಿಯ ಬುಡದಲ್ಲಿ ಬ್ಲೇಡಿಗಿಂತ ನೈಲಾನ್ ದಾರ ವಾಸಿ. ಈ ದಾರದ ಉಪಾಯ ಹೊಳೆದದ್ದು 1971ರಲ್ಲಿ, ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ ಎಂಬವರಿಗೆ. ಕಾರು ತೊಳೆಯುವ ಯಂತ್ರದ ತಿರುಗುವ ಬ್ರಷ್ಷುಗಳನ್ನು ನೋಡಿ, ಪಾಪ್‌ಕಾರ್ನ್ ಡಬ್ಬಕ್ಕೆ ಮೀನು ಹಿಡಿಯುವ ದಾರ ಕಟ್ಟಿ ತಿರುಗಿಸಿ ಪ್ರಯೋಗ ಮಾಡಿದರಂತೆ. ಲಾನ್ ಮೋವರಿನ ಹುಟ್ಟೂ ಹೀಗೇ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಅದಕ್ಕೆ ಪೇಟೆಂಟ್ ಪಡೆದದ್ದು, ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ. ಆದರೆ ದಾರವಾಗಲಿ ಬ್ಲೇಡಾಗಲಿ ಕಲ್ಲು ಸಿಡಿಯುವುದು ತಪ್ಪುವುದಿಲ್ಲ. ಕನ್ನಡಕ ಹಾಕಿ. ಬೇರೆಯವರು ಹದಿನೈದು ಮೀಟರ್ ದೂರ ಇರಲಿ ಎಂದು ಮಷಿನ್ನಿನ ಮೇಲೇ ಚಿತ್ರ ಅಂಟಿಸಿರುತ್ತಾರೆ. ಅಣ್ಣನ ಮಷಿನ್ನಿನ ಆ ಚಿತ್ರ ಮಸಿಯಲ್ಲಿ ಮುಚ್ಚಿಹೋಗಿತ್ತು, ಉಜ್ಜಿ ತೆಗೆದೆ.

ಕಾಲೇಜಿಗೆ ವಾಪಸ್ ಬಂದ ಮೇಲೆ ನಮ್ಮ ಕ್ಯಾಂಪಸ್ಸಿನ ಲಾನ್ ಮೋವರನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಎರಡು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೆ. ನಾಲ್ಕು ಚಕ್ರದ ಆ ತಳ್ಳುವ ಮಷಿನ್ ಫೋರ್ ಸ್ಟ್ರೋಕ್. ರೋಗಗಳು ಬಹುಪಾಲು ಇವೇ, ಹಳೇ ಪೆಟ್ರೋಲ್, ಮಸಿ ಪ್ಲಗ್, ಕಟ್ಟಿದ ಫಿಲ್ಟರ್. ತಳಕ್ಕೆ ಅಂಟಿದ ಹಸಿ ಹುಲ್ಲು ಕೆರೆಯಲು ಓರೆ ಮಾಡುವಾಗ ಏರ್ ಫಿಲ್ಟರ್ ಇರುವ ಕಡೆ ಮೇಲಕ್ಕೆ ಬರಬೇಕು. ಇಲ್ಲದಿದ್ದರೆ ಆಯಿಲ್ ಫಿಲ್ಟರಿಗೆ ಇಳಿದು, ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಎದ್ದು ಎಲ್ಲರೂ ಓಡಿಬರುತ್ತಾರೆ. ಇದನ್ನು ತೋಟದ ಕೆಲಸದವರಿಗೆ ಹೇಳಲು ಹೋದೆ. 'ಗೊತ್ತು ಬಿಡಪ್ಪ' ಅಂದರು.

ಮೊನ್ನೆ ಶನಿವಾರ ಊರಿಗೆ ಹೋದಾಗ ಜಗಲಿಯಲ್ಲಿ ಅಣ್ಣನ ಮಷಿನ್ ಇತ್ತು. ಹಿಡಿಗೆ ಒಂದು ಚೀಟಿ ಕಟ್ಟಿದ್ದರು. ಅವರ ಮಗಳ ಅಕ್ಷರ, ಆರನೇ ಕ್ಲಾಸಿನವಳು: 'ಸ್ವಿಚ್ ನೋಡಿದೆ. ಪ್ಲಗ್ ಒದ್ದೆ ಇದೆ. ಕಿಡಿ ಇಲ್ಲ. ಸ್ಕ್ರೂ ಮುಟ್ಟಿಲ್ಲ.'